ಯಾರಿಗಕ್ಕ ಬರೆಯದೆ ಬಿಟ್ಟ ಸಾಲು

ಏನು ಹೇಳಿದರೂ “ಯಾರಿಗೆ?” ಎಂದು ಕೇಳುವುದು ಅವರಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ಚಹಾ ಬಂತೆಂದರೂ ಯಾರಿಗೆ, ಫೋನ್ ಬಂತೆಂದರೂ ಯಾರಿಗೆ. ಹೀಗಾಗಿ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಯಾರಿಗಕ್ಕ. “ಮದುವೆಗೆ ಒಪ್ಪಿಗೇನಾ ಅಂತ ಕೇಳಿದ್ದಕ್ಕೂ ‘ಯಾರಿಗೆ?’ ಅಂದಿದ್ಳು” ಎಂದು ಅವರ ಪತಿ ನನ್ನೆದುರೇ ನಕ್ಕಿದ್ದುಂಟು. ಬಲಗಾಲನ್ನು ತುಸು ಎಳೆದು ನಡೆಯುವ, ಬೆಸುಗೆಯ ಕಿಡಿ ತಾಗಿ ತೋಳು ತೂತಾದ ಬೂದು ಕೋಟನ್ನು ಬಿರುಬೇಸಿಗೆಯಲ್ಲೂ ಕಳಚದ ಈ ಹೆಂಗಸಿನ ಕೆಲಸವನ್ನು ಹೊರಗಿನವರಿಗೆ ವಿವರಿಸುವಷ್ಟರಲ್ಲಿ ಕೇಳುವವರು ಆಕಳಿಸುತ್ತಿದ್ದರು.

ನಮ್ಮಲ್ಲಿ ತಯಾರಾಗುತ್ತಿದ್ದುದು ರೋಗಿಯ ಮಂಚದ ಪಕ್ಕ ನಿಂತು ನಾಡಿಬಡಿತ ತೋರಿಸುವ ಯಂತ್ರ. ಅದರ ಸರ್ಕ್ಯೂಟ್ ಬೋರ್ಡಿನ ಮೇಲೆ, ಒಂದೊಂದು ಭಾಗಕ್ಕೂ ಬೇಕಾದಷ್ಟೇ ವೋಲ್ಟೇಜ್ ಅಳೆದು ಕೊಡುವ ರೆಗ್ಯುಲೇಟರುಗಳು ಹನ್ನೊಂದು. ಅವುಗಳ ಸಂಗತಿ ಆಪರೇಟಿಂಗ್ ಸಿಸ್ಟಮ್‌ಗೆ ತಾನಾಗಿ ತಿಳಿಯದು. ಯಾವುದು ಎಲ್ಲಿದೆ, ಎಷ್ಟರಿಂದ ಎಷ್ಟರವರೆಗೆ ಕೊಡಬಹುದು, ಯಾವ ಭಾಗ ಅದನ್ನು ನೆಚ್ಚಿಕೊಂಡಿದೆ ಎಂದು ವಿವರಣೆಯ ಕಡತದಲ್ಲಿ ಬರೆದಿಡಬೇಕು. ಅದನ್ನು ಬರೆಯುತ್ತಿದ್ದವರು ಯಾರಿಗಕ್ಕ.

ಯಂತ್ರಗಳು ಆಸ್ಪತ್ರೆಗೆ ಹೊರಡಲು ನಾಲ್ಕೇ ದಿನವಿದ್ದಾಗ, ಪರೀಕ್ಷೆಯ ಕೋಣೆಯಲ್ಲಿ ಯಂತ್ರ ಚಾಲೂ ಆದ ಅರ್ಧ ನಿಮಿಷಕ್ಕೇ ಹೊಸ ಬೋರ್ಡಿನ ಅಲಾರಂ ಮೂಕವಾಗತೊಡಗಿತು. ಬೋರ್ಡಿನ ಎಂಜಿನಿಯರು ಮೂರು ಸಲ ಅಲಾರಂ ಬದಲಾಯಿಸಿ ಕೈಚೆಲ್ಲಿದ. ಅಕ್ಕ ಬಂದು ಕಡತವನ್ನು ಮೊದಲಿಂದ ಓದಿ ಒಂಬತ್ತನೆಯ ರೆಗ್ಯುಲೇಟರಿನ ಹತ್ತಿರ ನಿಂತರು. ಅದು ಯಾರಿಗೆ ಬೇಕೆಂದು ಅಲ್ಲಿ ಬರೆದೇ ಇರಲಿಲ್ಲ; ಯಾರಿಗೂ ಬೇಡವೆಂದು ಬಗೆದ ಸಿಸ್ಟಮ್ ಅದನ್ನು ಆಫ್ ಮಾಡಿಬಿಡುತ್ತಿತ್ತು.

“ಬಿಟ್ಟವಳು ನಾನೇ” ಎಂದರು, ಎಲ್ಲರೆದುರಿಗೆ.

“ಹೋಗ್ಲಿ ಬಿಡಿ ಅಕ್ಕ,” ಎಂದರು ಮ್ಯಾನೇಜರು. “ಯಾವಾಗ್ಲೂ ಆನ್ ಇರ್ಲಿ ಅಂತ ಒಂದು ಸಾಲು ಹಾಕಿ. ಮುಗೀತು.”

“ಕಪಾಟಲ್ಲಿ ಇಟ್ಟಾಗ್ಲೂ ಆನ್ ಇರುತ್ತೆ. ಬೇಕು ಅಂತ ತೆಗೆದಾಗ ಬ್ಯಾಟರಿ ಖಾಲಿ.”

ಮರುದಿನವೆಲ್ಲ ಅವರು ಕಿಟಕಿಯ ಬೆಳಕಿಗೆ ಬೋರ್ಡು ಹಿಡಿದು, ಭೂತಗನ್ನಡಿಯಲ್ಲಿ ಕೂದಲೆಳೆಯಂಥ ತಾಮ್ರದ ಗೆರೆಗಳ ಜಾಡು ಹಿಡಿದರು. ಬೋರ್ಡಿನ ನಕ್ಷೆಯಲ್ಲಿ ಒಂಬತ್ತನೆಯ ರೆಗ್ಯುಲೇಟರಿಗೆ ಜೋಡಿಸಿದ್ದುದು ಅಲಾರಂ ಒಂದೇ. ಬೋರ್ಡಿನಲ್ಲಿ ಮಾತ್ರ ಅದೇ ಗೆರೆ ಮುಂದೆ ಕವಲೊಡೆದು, ರೋಗಿಯ ಬೆರಳಿಗೆ ಸಿಕ್ಕಿಸುವ ಸೆನ್ಸರಿಗೂ ಹೋಗಿತ್ತು; ಪರೀಕ್ಷೆಯಲ್ಲಿ ಆ ಸೆನ್ಸರಿನ ಬದಲು ಕೃತಕ ನಾಡಿ ಜೋಡಿಸಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲಾರಮ್ಮಿನ ಹೆಸರಷ್ಟೇ ಬರೆದು ಕೈತೊಳೆದುಕೊಂಡಿದ್ದರೆ, ನರ್ಸ್ ಅಲಾರಂ ನಿಲ್ಲಿಸಿದೊಡನೆ ಸಿಸ್ಟಮ್ ಆ ರೆಗ್ಯುಲೇಟರನ್ನೂ ಆಫ್ ಮಾಡಿ, ನಾಡಿಯ ಲೆಕ್ಕವೂ ನಿಲ್ಲುತ್ತಿತ್ತು. ಅವರು ಎರಡೂ ಹೆಸರು ಬರೆದರು. ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕಾಗಿ ಯಂತ್ರಗಳು ಒಂದು ದಿನ ತಡವಾಗಿ ಹೊರಟವು. ಮ್ಯಾನೇಜರು ವಾರವಿಡೀ ಮುಖ ಗಂಟಿಕ್ಕಿಕೊಂಡಿದ್ದರು. ಎಂಜಿನಿಯರು ಮಾತ್ರ ಅಂದಿನಿಂದ ನಕ್ಷೆಯಲ್ಲಿ ಒಂದು ಗೆರೆ ಬದಲಾದರೂ ಮೊದಲು ಅವರ ಮೇಜಿಗೇ ಬರುತ್ತಿದ್ದ.

ತಪ್ಪನ್ನು ಒಪ್ಪಿಕೊಳ್ಳುವ ಸಜ್ಜನರು ಲೋಕದಲ್ಲಿ ಇಲ್ಲದಿಲ್ಲ. ಆದರೆ ಒಪ್ಪಿಕೊಂಡ ಮೇಲೆ, ಉಳಿದವರೆಲ್ಲ ಕ್ಷಮಿಸಿ ಎದ್ದುಹೋದ ಮೇಲೂ, ಆ ತಪ್ಪಿನ ಪಕ್ಕದಲ್ಲೇ ಕೂತು ಅದರ ಬೇರು ಎಲ್ಲಿಯವರೆಗೆ ಇಳಿದಿದೆಯೆಂದು ನೋಡುವ ತಾಳ್ಮೆ ಕೆಲವರದು ಮಾತ್ರ. ಅಂಥವರ ಸಹವಾಸ ಸುಲಭವಲ್ಲ. ಆದರೆ ನಾವು ಕಾಯಿಲೆ ಬಿದ್ದು ಮಲಗಿದಾಗ ನೆಚ್ಚಿಕೊಂಡಿರುವುದು, ನಮಗೆ ಗೊತ್ತಿಲ್ಲದೆಯೇ, ಅವರನ್ನು.