ಹನ್ನೊಂದು ಜನರ ಒಂದೇ ನಂಬರು

ಚನ್ನಗಿರಿಯ ನಮ್ಮ ಕಣ್ಣಾಸ್ಪತ್ರೆಗೆ ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಒಂದೊಂದು ಶಾಖೆ. ಆಯಾ ಊರಿನ ರೋಗಿಗಳ ಮಾಹಿತಿ ಆಯಾ ಶಾಖೆಯ ಕಂಪ್ಯೂಟರಿನಲ್ಲೇ ಇರುತ್ತದೆ. ಮೂರನ್ನೂ ಲಿಂಕ್ಡ್ ಸರ್ವರ್ ಅಂತ ನನ್ನ ಕಂಪ್ಯೂಟರಿಗೆ ಜೋಡಿಸಿದ್ದಾರೆ. ಇಲ್ಲಿ ಕೂತೇ ಜಗಳೂರಿನ ಪಟ್ಟಿಯಲ್ಲಿ ಒಬ್ಬರ ವಯಸ್ಸು ತಿದ್ದಬಲ್ಲೆ, ಹೆಸರು ತೆಗೆಯಬಲ್ಲೆ. ಆಪರೇಷನ್ ಪಟ್ಟಿಗೆ ಬೀಗ ಬಿದ್ದ ಮೇಲಂತೂ ತಿದ್ದುವ ಅಧಿಕಾರ ನನಗೊಬ್ಬಳಿಗೇ. ಅದರ ಜಂಬವೂ ನನಗೆ ಸ್ವಲ್ಪ ಇತ್ತು, ಸುಳ್ಳು ಹೇಳುವುದಿಲ್ಲ.

ಆ ಗುರುವಾರ ಬೆಳಗ್ಗೆ ಸಂತೇಬೆನ್ನೂರಿನ ಬಸ್ಸಿಳಿದು ಬಂದು ಕೂರುವಷ್ಟರಲ್ಲೇ ಜಗಳೂರು ಶಾಖೆಯ ಓಂಕಾರ್ ಫೋನು ಮಾಡಿದ. ಬೆನಕಪ್ಪ ಅನ್ನುವ ರೋಗಿಗೆ ಪೊರೆ ಬಂದಿರುವುದು ಬಲಗಣ್ಣಿಗೆ, ತಾನು ಎಡ ಅಂತ ಬರೆದುಬಿಟ್ಟಿದ್ದೇನೆ, ಈಗಲೇ ತಿದ್ದಿಬಿಡಿ ಅಂದ. ರೋಗಿಯ ಸಂಖ್ಯೆ ಕೇಳಿದರೆ ದಾರಿಯಲ್ಲಿದ್ದೇನೆ, ಮೊಬೈಲ್ ನಂಬರು ಮಾತ್ರ ಇದೆ ಅಂತ ಅದನ್ನೇ ಹೇಳಿದ. ಒಂದು ಮೊಬೈಲ್ ನಂಬರು ಒಬ್ಬರದೇ ಅಲ್ಲವೇ? ಆ ನಂಬರು ಇರುವವರ ಕಣ್ಣು ‘ಬಲ’ ಎಂದಾಗಲಿ ಎಂದು ಬರೆದು ಬಟನ್ ಒತ್ತಿದೆ.

ಹನ್ನೊಂದು ಸಾಲು ಬದಲಾದವು ಎಂದು ತೋರಿಸಿತು.

ಪಟ್ಟಿ ತೆಗೆದು ನೋಡಿದರೆ ಒಂದೇ ಊರಿನ ಹನ್ನೊಂದು ಜನ ಕೊಟ್ಟಿದ್ದು ಒಂದೇ ನಂಬರು. ಓಂಕಾರನನ್ನು ಕೇಳಿದರೆ, ಅದು ಆ ಊರಿನ ಹಿಟ್ಟಿನ ಗಿರಣಿಯ ಪೀರ್‌ಸಾಬರದು ಅಂದ. ಆ ಕಡೆಯ ಹಳ್ಳಿಗಳಲ್ಲಿ ಇದು ವಾಡಿಕೆಯಂತೆ. ವಯಸ್ಸಾದವರು ಫೋನು ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಂಡರೂ ಎತ್ತುವುದಿಲ್ಲ. ಗಿರಣಿಗೆ ಹೇಳಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಓಂಕಾರನಿಗೆ ಇದು ಗೊತ್ತಿತ್ತು, ಹೇಳುವುದು ಮರೆತ. ನಾನು ತಿದ್ದುವ ಮೊದಲು ಒಮ್ಮೆ ನೋಡಬೇಕಿತ್ತು, ನೋಡಲಿಲ್ಲ.

ನಮ್ಮದೇ ಕಂಪ್ಯೂಟರಿನಲ್ಲಾದರೆ ಮಾಡಿದ್ದನ್ನು ಖಚಿತಪಡಿಸುವ ಮುಂಚೆ ವಾಪಸ್ ತೆಗೆದುಕೊಳ್ಳಬಹುದು. ಲಿಂಕಿನ ಮೂಲಕ ಹೋಗುವ ಕೆಲಸಕ್ಕೆ ಆ ವ್ಯವಸ್ಥೆ ಹಾಕಿಸಿರಲೇ ಇಲ್ಲ. ತೆಗೆದಿಟ್ಟಿದ್ದ ನಕಲು ಕಳೆದ ಭಾನುವಾರದ್ದು, ಇವರ ಹೆಸರು ಸೇರಿದ್ದು ಬುಧವಾರ. ನೋಂದಣಿಗೆ ಕಾಗದ ಬಳಸುವುದನ್ನು ನಿಲ್ಲಿಸಿ ಎರಡು ವರ್ಷವಾಗಿದೆ. ಯಾರದು ಎಡಗಣ್ಣಾಗಿತ್ತು, ಯಾರದು ಬಲಗಣ್ಣು ಅನ್ನುವುದು ಈಗ ಎಲ್ಲೂ ಇಲ್ಲ, ಬರೆದ ಓಂಕಾರನಿಗೂ ನೆನಪಿಲ್ಲ.

ಆಪರೇಷನ್ ಮಾರನೆಯ ದಿನ. ಡಾಕ್ಟರು ಮತ್ತೊಮ್ಮೆ ನೋಡುತ್ತಾರೆ, ನಿಜ. ಆದರೆ ಯಾವ ಹುಬ್ಬಿನ ಮೇಲೆ ಗುರುತಿನ ಪಟ್ಟಿ ಅಂಟಿಸಬೇಕು ಅನ್ನುವುದು ನರ್ಸಮ್ಮನಿಗೆ ಗೊತ್ತಾಗುವುದು ನಮ್ಮ ಈ ಸಾಲಿನಿಂದಲೇ. ಮುಚ್ಚಿಡುವ ಯೋಚನೆ ಒಂದು ನಿಮಿಷ ಬಂತು. ನಾಚಿಕೆಯಾಯಿತು. ಎದ್ದು ಹೋಗಿ ಮ್ಯಾನೇಜರ್ ರಂಗನಾಥ್ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಮಧ್ಯಾಹ್ನದೊಳಗೆ ಪ್ರತಿಯೊಬ್ಬರನ್ನೂ ಕೇಳಿ ಸರಿಮಾಡಬೇಕು, ಇಲ್ಲದಿದ್ದರೆ ಹನ್ನೊಂದೂ ಹೆಸರು ಪಟ್ಟಿಯಿಂದ ಹೊರಗೆ ಅಂದರು. ಹೊರಬಿದ್ದರೆ ಆ ಊರಿನವರ ಸರದಿ ಮತ್ತೆ ಬರುವುದು ನಾಲ್ಕು ತಿಂಗಳಿಗೆ.

ಹನ್ನೊಂದು ಜನರಿಗೆ ಮಾಡಲು ನನ್ನ ಬಳಿ ಇದ್ದದ್ದು ಒಂದೇ ನಂಬರು. ಮಾಡಿದೆ.

ಪೀರ್‌ಸಾಬರು ತಾಳ್ಮೆಯಿಂದ ಕೇಳಿಸಿಕೊಂಡರು. ತಪ್ಪು ನನ್ನದು ಅಂತಲೂ ಹೇಳಿದೆ. ಅದಕ್ಕೇನು, ತ್ರೀ ಫೇಸ್ ಕರೆಂಟು ಈಗಷ್ಟೇ ಬಂದಿದೆ, ಅರ್ಧ ಊರು ಜೋಳದ ಡಬ್ಬಿ ಹಿಡಿದು ಇಲ್ಲೇ ನಿಂತಿದೆ, ಉಳಿದವರನ್ನು ಕರೆಸುತ್ತೇನೆ ಅಂದರು. ಗಿರಣಿ ನಿಲ್ಲಿಸಿ ಫೋನನ್ನು ಸ್ಪೀಕರಿಗೆ ಹಾಕಿದರು. ಬರೀ ಬಾಯಿಮಾತು ನಂಬುವವರಲ್ಲ ಅವರು. ಒಬ್ಬೊಬ್ಬರಿಗೂ ಒಂದು ಕಣ್ಣು ಮುಚ್ಚಿಸಿ, ತಕ್ಕಡಿಯ ಮುಳ್ಳು ಎಲ್ಲಿದೆ ಹೇಳಿ ಅಂದರು. ಸಾವಂತ್ರಮ್ಮ ಎರಡೂ ಕಣ್ಣು ಬಿಟ್ಟುಕೊಂಡೇ ಹೇಳಲು ಹೋಗಿ ಬೈಸಿಕೊಂಡಳು. ಮೂಕಪ್ಪನಿಗೆ ಯಾವ ಕಣ್ಣಿಂದಲೂ ಮುಳ್ಳು ಕಾಣಲಿಲ್ಲ, ಅವನ ಸೊಸೆ ಬಂದು ಎಡಗಣ್ಣಿಗೇ ಅಂತ ಬರೆಸಿದ್ದು ಎಂದಳು. ನಾನು ಒಂದೊಂದೇ ಸಾಲನ್ನು, ಈ ಸಲ ರೋಗಿಯ ಸಂಖ್ಯೆ ಹಾಕಿ, ಎರಡೆರಡು ಬಾರಿ ನೋಡಿ ತಿದ್ದಿದೆ.

ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲಾ ಮುಗೀತಲ್ಲವ್ವ, ಗಿರಣಿ ಹಚ್ಚಲಾ ಅಂದರು ಪೀರ್‌ಸಾಬರು. ನಾನು ಎಣಿಸಿದೆ. ಹತ್ತು ಆಗಿತ್ತು. ಉಳಿದ ಹೆಸರನ್ನು ಯೋಚಿಸದೆ ಓದಿಬಿಟ್ಟೆ.

“ಇನ್ನೊಂದೈತಲ್ರೀ,” ಅಂದೆ. “ಪೀರ್‌ಸಾಬ್ ಅಂತ.”

ಸ್ಪೀಕರು ಇನ್ನೂ ಹಾಕೇ ಇತ್ತು. ತೂಕ ಮಾಡುವವನಿಗೇ ಕಣ್ಣು ಕಾಣದು ಅಂತಾದರೆ ಯಾರು ಕಾಳು ತರುತ್ತಾರೆ? ಮುದುಕರಿಗೆ ಜೊತೆಯಾಗಿ ಹೋಗುವವನಂತೆ ಆಸ್ಪತ್ರೆಯ ವ್ಯಾನು ಹತ್ತಿ, ಸದ್ದಿಲ್ಲದೆ ಮಾಡಿಸಿಕೊಂಡು ಬರುವ ಲೆಕ್ಕ ಅವರದಾಗಿತ್ತು ಅಂತ ನನಗೆ ಆಗ ಹೊಳೆಯಿತು. ನಾಲಗೆ ಕಚ್ಚಿಕೊಂಡೆ. ಬೆಳಗಿನ ತಪ್ಪಿಗಿಂತ ಇದು ಹೆಚ್ಚು ಚುಚ್ಚಿತು.

“ಅದನ್ನ ತೆಗೆದಾಕಿಬಿಡವ್ವ,” ಅಂದರು ಅವರು. ದನಿ ಸಣ್ಣದಾಗಿತ್ತು.

ಆಗ ಹೆಣ್ಣುದನಿಯೊಂದು ಫೋನಿನ ಹತ್ತಿರ ಬಂತು. ನಾನು ರಹಮತ್‌ಬೀ, ಅವರ ಮನೆಯಾಕೆ ಅಂದಿತು.

“ತೆಗೀಬ್ಯಾಡ್ರಿ ಮೇಡಂ. ಎಡಗಣ್ಣು ಅಂತ ಬರ್ಕೊಳ್ರಿ. ವರ್ಷ ಆತು, ಎಡಕ್ಕಿಟ್ಟ ಚಾ ಕೈ ತಾಗಿ ಚೆಲ್ತೈತೆ ಅಂತ ಬಲಕ್ಕೇ ಇಡ್ತಿದೀನಿ. ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

ಯಾರೂ ನಗಲಿಲ್ಲ. ಸಾವಂತ್ರಮ್ಮನ ದನಿ ಮಾತ್ರ, ತೂಕ ಯಾವತ್ತೂ ತಪ್ಪಿಲ್ಲ ಬಿಡಪ್ಪ ಅಂದಿತು. ನಾನು ಸಂಖ್ಯೆ ನೋಡಿ ಎಡ ಎಂದು ಬರೆದೆ. ಕಣ್ಣು ತುಂಬಿ ಪರದೆ ಮಸುಕಾಗಿತ್ತು, ಒರೆಸಿಕೊಂಡು ಮತ್ತೊಮ್ಮೆ ನೋಡಿದೆ.

ಫೋನು ಇಡುವುದನ್ನು ಅವರು ಮರೆತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಪೀರ್‌ಸಾಬರು ಹೆಂಡತಿಯನ್ನು, ನಾಳೆ ವ್ಯಾನಿನಲ್ಲಿ ನೀನೂ ಜೊತೆಗೆ ಬರ್ತೀಯಾ ಅಂತ ಕೇಳಿದ್ದು ನನಗೆ ಕೇಳಿಸಿತು.