ಹೋದ ವರ್ಷದ ತೂಕ

"ಇನ್ನೊಂದು, ಚಿಕ್ಕಪ್ಪ. ಇನ್ನೊಂದೇ ಒಂದು."

"ಆಗಲೂ ಇನ್ನೊಂದೇ ಅಂದೆಯಲ್ಲೇ!"

"ಅದು ಆಗಿನದು. ಇದು ಈಗಿನದು. ಇಳೀರಿ ಕೆಳಗೆ."

ಹಾಸಿಗೆಯವನು ಕೈಗಳನ್ನು ಮುಂದಕ್ಕೆ ಚಾಚಿ, ಸಿಂಹಾಸನ ಕಳೆದುಕೊಂಡ ರಾಜನಂತೆ ಗಾಳಿಯ ಮೇಲೆ ಕೂತಿದ್ದ. ಅವನ ತೊಡೆಗಳ ನಡುಕಕ್ಕೆ ವ್ಯಾಯಾಮಶಾಲೆಯ ಕನ್ನಡಿಗಳು ಅದುರಿ, ಪಕ್ಕದ ಕಟ್ಟಡದವರು ಭೂಕಂಪವೆಂದು ಮಕ್ಕಳುಮರಿ ಎತ್ತಿಕೊಂಡು ಬೀದಿಗೆ ಓಡಿಬಂದರು. ನೀವು ನಂಬದಿದ್ದರೆ ಬಿಡಿ, ಕನ್ನಡಿಗಳು ನಂಬಿವೆ. ಎದುರಿಗೆ ಕೊರಳಲ್ಲಿ ಸೀಟಿ ತೂಗಿಸಿಕೊಂಡು ನಿಂತಿದ್ದವಳು ಅವನ ಅಣ್ಣನ ಮಗಳು. ಊರವರ ಮೈ ಬಗ್ಗಿಸುವುದೇ ಅವಳ ಉದ್ಯೋಗ. ಎಲ್ಲರೂ ಅವಳನ್ನು ಸೀಟಿ ಎಂದೇ ಕರೆಯುತ್ತಿದ್ದರು. ಅವಳು ಒಮ್ಮೆ ಊದಿದರೆ ರಸ್ತೆಯ ಬಸ್ಸುಗಳೂ ಗಕ್ಕನೆ ನಿಂತು ಬಸ್ಕಿ ಹೊಡೆಯುತ್ತಿದ್ದವು.

ಹಾಸಿಗೆ ಹೊಲಿದು ಮಾರುವುದರಲ್ಲಿ ಅವನಂಥ ಹಾಸಿಗೆಯವನು ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ. ಮೆತ್ತಗಿದೆಯೋ ಇಲ್ಲವೋ ನೋಡೋಣವೆಂದು ಅವನ ಹಾಸಿಗೆಯ ಮೇಲೆ ಮಲಗಿದ ಗಿರಾಕಿ ಎದ್ದಾಗ ಹೊರಗೆ ಋತುವೇ ಬದಲಾಗಿರುತ್ತಿತ್ತು. ಮಧ್ಯಾಹ್ನ ಹತ್ತಿ ಹಿಂಜುವ ಯಂತ್ರ ಗುಂಯ್‌ಗುಡತೊಡಗಿದರೆ ಇಡೀ ಬೀದಿಗೆ ತೂಕಡಿಕೆ. ಅಂಗಡಿಯಿಂದ ಹೊರಟ ಹತ್ತಿಯ ಎಳೆಗಳು ಬಿಸಿಲಲ್ಲಿ ತೇಲುತ್ತ, ಅವಸರವೇ ಇಲ್ಲದೆ ಮೇಲೇರಿ, ಅದೇ ಕಟ್ಟಡದ ಮೂರನೆಯ ಮಹಡಿಯ ಕಿಟಕಿಯೊಳಗೆ ಹೋಗುತ್ತಿದ್ದವು. ಆ ಕಿಟಕಿಯಲ್ಲಿ ಅವನ ಹೆಂಡತಿ ಕೂತಿರುತ್ತಿದ್ದಳು.

ಹೋದ ವರ್ಷ ಆ ಕಿಟಕಿಯನ್ನೇ ಒರೆಸಲು ಹೋಗಿ ಸ್ಟೂಲಿನಿಂದ ಬಿದ್ದು ಅವಳ ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಮೂಳೆ ಕೂಡಿತು. "ಇನ್ನೇನು, ನಡೀರಮ್ಮ" ಎಂದರು ಡಾಕ್ಟರು. ಮನೆಯೊಳಗೆ ಗೋಡೆ ಹಿಡಿದು ನಡೆದಳು. ಆದರೆ ಹೊಸ್ತಿಲ ಆಚೆ ಮೆಟ್ಟಿಲು ಕಂಡದ್ದೇ ಹಿಂದೆ ಸರಿದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಗೆ ಒಂದು ವರ್ಷ ಮೇಲೇ ಉಳಿದಳು. ಒಂದು ಮಧ್ಯಾಹ್ನ ಅರೆನಿದ್ದೆಯಲ್ಲಿ, ಮೂಗಿನ ಮೇಲೆ ಕೂತ ಹತ್ತಿಯ ಎಳೆಯನ್ನು ಊದಿ ಹಾರಿಸುತ್ತ ಅವಳು ಅಂದಳು: "ಅಂಗಡಿ ಮುಂದಿನ ಆ ಬೆಂಚಿನ ಮೇಲೆ ಕೂತು ಯಾವ ಕಾಲವಾಯ್ತು."

ಅಷ್ಟೇ ಅಂದದ್ದು. ಮಾರನೆಯ ದಿನವೇ ನೆರೆಯವರು ಕುರ್ಚಿ ತಂದರು. ನಾಲ್ವರು ನಾಲ್ಕು ಕಾಲು ಹಿಡಿದರೆ ಹೂವಿನ ಹಾಗೆ ಇಳಿಸಿಬಿಡುತ್ತೇವೆ ಎಂದರು.

"ನಾಲ್ಕು ಜನ ಹೊತ್ತು ಇಳಿಸೋದು ಒಂದೇ ಸಲ. ಅದಕ್ಕಿನ್ನೂ ಟೈಮಿದೆ" ಎಂದಳು ಅವಳು.

ನಾಲ್ವರೂ ಕುರ್ಚಿಯನ್ನು ಹೊತ್ತುಕೊಂಡು, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಇಳಿದುಹೋದರು. ಹಾಸಿಗೆಯವನು ಎದೆ ತಟ್ಟಿಕೊಂಡ. "ಯಾರೂ ಬೇಡ. ನಾನೊಬ್ಬನೇ ಎತ್ಕೊಂಡು ಇಳಿಸ್ತೀನಿ ನೋಡ್ತಿರು." ತಟ್ಟಿದ ರಭಸಕ್ಕೇ ಅವನಿಗೆ ಕೆಮ್ಮು ಬಂತು. ಬರಿಗೈಲಿ ಮನೆಗೆ ಹತ್ತಿ ಬಂದರೂ ಪ್ರತಿ ತಿರುವಿನಲ್ಲಿ ನಿಂತು, ಗೋಡೆಯ ಬಣ್ಣ ಪರೀಕ್ಷಿಸುವವನಂತೆ ನಟಿಸಿ ಉಸಿರು ಹಿಡಿಯುವ ಗಂಡಸು ಅವನು. ಹಾಗಾಗಿ ಅಣ್ಣನ ಮಗಳ ಬಳಿ ಹೋದ.

"ಒಂದು ವಾರದಲ್ಲಿ ಶಕ್ತಿ ಬರೋ ಪುಡಿ ಯಾವುದಾದ್ರೂ ಇದ್ರೆ ಕೊಡು, ತಾಯಿ."

"ಅಂಥ ಪುಡಿ ಇದ್ದಿದ್ರೆ ನಾನೇ ತಿಂದು ಈ ಕಟ್ಟಡ ಎತ್ತಿ ಆ ಕಡೆ ಇಡ್ತಿದ್ದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಆಮೇಲೆ ನಡಿಗೆ, ಬಸ್ಕಿ, ಭಾರ. ಊಟ ಸರಿಮಾಡೋಣ. ಊಟದಲ್ಲಿ ಸಾಲದೇ ಇದ್ದದ್ದು ತುಂಬೋಕೆ ಅಷ್ಟೇ ಪುಡಿ."

ಹೀಗೆ ಶುರುವಾಯಿತು. ಬೆಳಗಾದರೆ ಮೊಟ್ಟೆ, ಬೇಯಿಸಿದ ಕಾಳು, ಹಸಿರು ಸೊಪ್ಪು. ಸಕ್ಕರೆಯ ಡಬ್ಬಿ ದೇಶಾಂತರ ಹೋಯಿತು. ಪ್ರೋಟೀನ್ ಪುಡಿಯನ್ನು ಮುಚ್ಚಳದ ಬಾಟಲಿಯಲ್ಲಿ ಹಾಕಿ ಕುಲುಕಿದರೆ ನೊರೆ ಏಳುತ್ತಿತ್ತು. ರುಚಿ ಮಾತ್ರ ಸುಣ್ಣ ಬಳಿದ ಗೋಡೆ ನೆಕ್ಕಿದ ಹಾಗೆ. ಅವನು ಕಣ್ಣು ಮುಚ್ಚಿ ಅರ್ಧ ಕುಡಿದು, ಉಳಿದರ್ಧವನ್ನು ಹೆಂಡತಿಯ ಲೋಟಕ್ಕೆ ಸುರಿಯುತ್ತಿದ್ದ. "ಜೊತೆಗಿರಲಿ ಅಂತ ಕಣೇ." ಸೀಟಿ ಅವನಿಗೆಂದು ಕೊಟ್ಟ ಮೀನೆಣ್ಣೆಯ ಗುಳಿಗೆಯನ್ನು ಅವಳು ಬೆಳಕಿಗೆ ಹಿಡಿದು ನೋಡುವಳು. ಅದರೊಳಗೆ ಒಂದು ಪುಟ್ಟ ಸೂರ್ಯ, ಒಂದು ಪುಟ್ಟ ಕಿಟಕಿ, ಕಿಟಕಿಯಲ್ಲಿ ಯಾರೋ ಕೂತ ಹಾಗೆ. "ನುಂಗೋಕೆ ಮನಸ್ಸಾಗಲ್ಲ ರೀ" ಎಂದು ಅವನ ಬಾಯಿಗೇ ಹಾಕುವಳು.

ಮನೆಯಲ್ಲಿ ಕುರ್ಚಿಯಿಂದ ಎದ್ದು ಕೂತು ಮಾಡುವಾಗ ಎಣಿಸುವುದು ಅವಳ ಪಾಲಿನ ಕೆಲಸ. ಎದುರಿನ ಕುರ್ಚಿಯಲ್ಲಿ ಕೂತು ಎಣಿಸುತ್ತ ಎಣಿಸುತ್ತ ಅವಳೂ ಮೇಜಿನ ಅಂಚು ಹಿಡಿದು ಒಂದಿಷ್ಟು ಏಳತೊಡಗಿದಳು.

"ನೀನ್ಯಾಕೆ ಏಳ್ತೀಯ?"

"ಕೂತಲ್ಲೇ ಕೂತ್ರೆ ನಿದ್ದೆ ಬರುತ್ತೆ. ಲೆಕ್ಕ ತಪ್ಪುತ್ತೆ."

ಸೀಟಿ ಇದನ್ನು ಒಮ್ಮೆ ಬಾಗಿಲಲ್ಲಿ ನಿಂತು ನೋಡಿದಳು. ಚಿಕ್ಕಮ್ಮನ ಲೋಟದ ಅಂಚಿನ ನೊರೆಯನ್ನೂ ನೋಡಿದಳು. ಹೋಗಿ ಅವಳ ಡಾಕ್ಟರನ್ನು ಕೇಳಿಬಂದಳು. ಮರುದಿನದಿಂದ ಬಾಟಲಿಗೆ ಪುಡಿ ಸ್ವಲ್ಪ ಜಾಸ್ತಿ ಬೀಳತೊಡಗಿತು.

ಆಮೇಲೆ ಹಾಸಿಗೆಯವನು, ಹಾಸಿಗೆಯವನು ಮಾತ್ರ ಮಾಡಬಹುದಾದ ಕೆಲಸ ಮಾಡಿದ. ಕಬ್ಬಿಣ ಎತ್ತಿದರೆ ಕಬ್ಬಿಣ ಇಳಿಸುವುದು ಬರುತ್ತದೆ, ಹೆಂಡತಿಯನ್ನು ಇಳಿಸುವುದು ಹೇಗೆ ಬಂದೀತು ಎಂಬುದು ಅವನ ವಾದ. ಅವಳ ಉದ್ದಕ್ಕೆ, ಅಗಲಕ್ಕೆ, ಆಸ್ಪತ್ರೆಯಲ್ಲಿ ತೂಗಿದ್ದ ಅವಳ ತೂಕಕ್ಕೆ ಸರಿಯಾಗಿ ಒಂದು ಹಾಸಿಗೆ ತುಂಬಿದ. ಹತ್ತಿಯಿಂದ ಅಷ್ಟು ತೂಕ ಬರಬೇಕಾದರೆ ಏಳೂರಿನ ಹತ್ತಿಯನ್ನು ತುಳಿದು ತುಳಿದು ತುರುಕಬೇಕಾಯಿತು. ಬಟ್ಟೆಯನ್ನು ಅವಳೇ ಆರಿಸಿದಳು. "ಪಟ್ಟೆ ಬೇಡ. ದಪ್ಪ ಕಾಣ್ತೀನಿ. ಹೂವಿರಲಿ."

ಹೂವಿನ ಹಾಸಿಗೆಯನ್ನು ಎರಡೂ ತೋಳಲ್ಲಿ ಎತ್ತಿ ಅವನು ಮೆಟ್ಟಿಲಿಳಿಯುವುದನ್ನು ನೋಡಲು ಕಟ್ಟಡವೇ ಬಾಗಿಲು ತೆರೆದು ನಿಲ್ಲುತ್ತಿತ್ತು. ತಿರುವಿನಲ್ಲಿ ಅದರ ತಲೆ ಗೋಡೆಗೆ ತಾಗದಂತೆ ಕೈ ಅಡ್ಡ ಕೊಡುವನು. "ಹೆದರಬೇಡ, ಬಂದೇಬಿಟ್ಟಿತು" ಎಂದು ಅದಕ್ಕೆ ಪಿಸುಗುಟ್ಟುವನು. ಕೆಳಗೆ ಬೆಂಚಿನ ಮೇಲೆ ಕೂರಿಸಿ, ಅಂಚು ಸರಿಪಡಿಸಿ, ಪಕ್ಕದಲ್ಲಿ ಕೂತು ಬೆವರೊರೆಸಿಕೊಳ್ಳುವನು. ಬಿಸಿಲಿನಲ್ಲಿ ಅದರ ಹೂವುಗಳು ಅರಳಿ, ಜೇನುನೊಣಗಳು ಮೋಸಹೋಗಿ ಬಂದು ಕೂರುತ್ತಿದ್ದವು.

"ನನ್ನನ್ನ ಯಾವತ್ತಾದ್ರೂ ಹಿಂಗೆ ನೋಡ್ಕೊಂಡಿದ್ರೇನ್ರೀ?" ಎಂದು ಮೇಲಿನ ಕಿಟಕಿಯಿಂದ ಕೂಗು ಬರುತ್ತಿತ್ತು.

"ಅವಳು ಎದುರು ಮಾತಾಡಲ್ಲ ಕಣೇ!"

ಕೊನೆಗೆ ಹಾಸಿಗೆಯನ್ನು ನಿಲ್ಲದೆ ಕೆಳಕ್ಕಿಳಿಸಿ, ಮತ್ತೆ ಮೇಲಕ್ಕೆ ಹತ್ತಿಸಿ, ಅವನು ಹಾಡು ಗುನುಗಬಲ್ಲವನಾದ. ಸೀಟಿ ಸರಿಯೆಂದು ತಲೆಯಾಡಿಸಿದಳು. ಮರುದಿನ ಬೆಳಗ್ಗೆ ಹೂವಿನ ಹಾಸಿಗೆಯನ್ನು ಬೆಂಚಿನ ಮೇಲೆ ಬಿಸಿಲಿಗೆ ಹಾಕಿ, ಅಂಗಡಿಯ ಬಾಗಿಲು ಅರ್ಧ ಎಳೆದು ಅವನು ಮೇಲೆ ಹೋದ. ಕಟ್ಟಡ ಗುಡಿಸುವವಳು ಆಗಷ್ಟೇ ಮೆಟ್ಟಿಲು ಒರೆಸಿ ಹೋಗಿದ್ದಳು. ಕಿಂಡಿಗಳ ಬೆಳಕು ಒದ್ದೆ ಕಲ್ಲಿನ ಮೇಲೆ ಹಾಲಿನಂತೆ ಹರಡಿತ್ತು. ಸೀಟಿ ಕೆಳಗೆ ನಿಂತು ಯಾರೂ ಹತ್ತದಂತೆ ತಡೆದಳು.

"ಬಾ" ಎಂದು ಅವನು ತೋಳು ಚಾಚಿದ.

ಎತ್ತಿದ. ಎತ್ತಿದವನ ಕಣ್ಣುಗಳು ಅಗಲವಾದವು. ಹೊಸ್ತಿಲು ದಾಟಿದ. ಕೆಲವು ಮೆಟ್ಟಿಲು ಇಳಿದ. ಹಾಸಿಗೆ ಯಾವತ್ತೂ ಅವನ ಕತ್ತು ತಬ್ಬಿರಲಿಲ್ಲ. ಇವಳು ಬಾವಿಗೆ ಬಿದ್ದವಳು ಹಗ್ಗ ಹಿಡಿದಂತೆ ಹಿಡಿದಿದ್ದಳು.

"ಕತ್ತು ಬಿಡೇ."

"ಬಿಟ್ರೆ ಬೀಳ್ತೀನಿ."

"ಬಿಡದಿದ್ರೆ ಇಬ್ಬರೂ ಬೀಳ್ತೀವಿ. ಅಲ್ಲ ಕಣೇ, ನೀನು ಯಾವಾಗ ಇಷ್ಟು ಭಾರ ಆದೆ?"

"ದಿನಾ ಅರ್ಧ ಬಾಟ್ಲಿ ನನ್ನ ಲೋಟಕ್ಕೆ ಸುರಿದದ್ದು ಯಾರು? ನೀವು ಎತ್ತೋದು ಕಲಿತದ್ದು ಹೋದ ವರ್ಷದ ನನ್ನನ್ನ."

ಅವನಿಗೆ ನಗು ಬಂತು. ಭಾರ ಎತ್ತಿದವನಿಗೆ ನಗುವಿನಷ್ಟು ದೊಡ್ಡ ಶತ್ರು ಇಲ್ಲ. ಮೊದಲ ತಿರುವಿನಲ್ಲಿ ಅವನ ಬೆನ್ನು ಗೋಡೆಗೆ ಒರಗಿತು. ತೋಳುಗಳು ಗಡಗಡ ಅದುರಿದವು. ಈ ಸಲ ಕನ್ನಡಿ ಗಿನ್ನಡಿ ಏನೂ ಅದುರಲಿಲ್ಲ. ಅವನ ತೋಳುಗಳು ಮಾತ್ರ.

"ಇಳಿಸಿ ನನ್ನ."

"ಇಳಿಸಲ್ಲ. ಮಾತು ಕೊಟ್ಟಿದ್ದೀನಿ."

"ಮಾತು ಆಮೇಲೆ ಎತ್ಕೊಳ್ಳಿ. ಈಗ ನನ್ನ ಇಳಿಸಿ."

"ಹೆಂಗೆ ಇಳಿಸ್ಲಿ? ಚಪ್ಪಲಿ ತಂದಿಲ್ಲ."

ನಿಜ. ಊಟ ಯೋಚಿಸಿದ್ದರು, ಪುಡಿ ಯೋಚಿಸಿದ್ದರು, ಬಸ್ಕಿ ಯೋಚಿಸಿದ್ದರು. ಇಡೀ ಪ್ಲಾನಿನಲ್ಲಿ ಅವಳ ಕಾಲಿಗೆ ಕೆಲಸವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಅವಳು ಕತ್ತಿನಿಂದ ಒಂದು ಕೈ ತೆಗೆದು ಕಂಬಿ ಹಿಡಿದಳು. ಒಂದು ಪಾದ ಮೆಲ್ಲಗೆ ಕೆಳಗೆ ಬಂತು. ನೀರಿನ ಆಳ ನೋಡುವವಳಂತೆ ಮೊದಲು ಹೆಬ್ಬೆರಳು, ಆಮೇಲೆ ಹಿಮ್ಮಡಿ.

"ತಣ್ಣಗಿದೆ" ಎಂದಳು. ಇನ್ನೊಂದು ಪಾದವನ್ನೂ ಇಳಿಸಿದಳು. "ಎಷ್ಟು ತಣ್ಣಗಿದೆ ರೀ."

ಅವನು ಒಂದು ಮೆಟ್ಟಿಲು ಕೆಳಗಿಳಿದು ಬೆನ್ನು ಕೊಟ್ಟು ನಿಂತ. ಅವಳು ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಒಂದು ಇಳಿದರೆ ಅವಳೊಂದು ಇಳಿಯುವಳು. ನಡುವೆ ಇಬ್ಬರೂ ನಿಲ್ಲುವರು. ಹಾಗೆ ನಿಂತಾಗ ಮೇಲೆಲ್ಲೋ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಕಿಂಡಿಯಿಂದ ಬಂದ ಹತ್ತಿಯ ಎಳೆಯೊಂದು ಅವರ ಜೊತೆಗೇ ನಿಂತು, ಅವರ ಜೊತೆಗೇ ಇಳಿಯುತ್ತಿತ್ತು.

ಕೆಳಗೆ ಸೀಟಿಯ ಬಾಯಲ್ಲಿ ಸೀಟಿ ಇತ್ತು. ಊದಲು ಅವಳಿಗೆ ಉಸಿರಿರಲಿಲ್ಲ.

ಬೆಂಚಿನ ಮುಂದೆ ನಿಂತು ಹೆಂಡತಿ ಹೂವಿನ ಹಾಸಿಗೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸ್ವಲ್ಪ ಸರಿದುಕೋ ಅನ್ನಿ ಇವಳಿಗೆ." ಅವನು ಹಾಸಿಗೆಯನ್ನು ಸರಿಸಿದ. ಮೂವರೂ ಕೂತರು.

ಒಳಗೆ, ಒದ್ದೆ ಮೆಟ್ಟಿಲುಗಳ ಮೇಲೆ ಅವಳ ಬರಿಗಾಲಿನ ಗುರುತುಗಳಿದ್ದವು. ಒಂದು ಪಾದ ಪೂರ್ತಿ, ಇನ್ನೊಂದು ಅರ್ಧ. ಅವು ಮೇಲಿನಿಂದ ಒಂದೊಂದಾಗಿ ಆರುತ್ತ, ನಿಧಾನವಾಗಿ ಕೆಳಗೆ ಬರುತ್ತಿದ್ದವು.