ಯಾವೂರ ದಕ್ಷಿಣ

ಸಾಲ್ವೋರಳ ಹಳ್ಳಿಯಲ್ಲಿ ದಕ್ಷಿಣವೆಂದರೆ ಸಮುದ್ರದ ಕಡೆ. ದಿಕ್ಸೂಚಿ ಏನಾದರೂ ಹೇಳಿಕೊಳ್ಳಲಿ. ರಾಜಧಾನಿ ರೇಕ್ಯಾವಿಕ್ ಇರುವುದು ದಕ್ಷಿಣದಲ್ಲಿ, ಅಲ್ಲಿಗೆ ದೋಣಿ ಹೊರಡುವುದು ಸಮುದ್ರದ ಕಡೆಯಿಂದ, ಅಲ್ಲಿಗೆ ಮಾತು ಮುಗಿಯಿತು. ಬೆಟ್ಟದಾಚೆಯ ಹಳ್ಳಿಯವರು ಮೊದಲಿನಿಂದ ರಾಜಧಾನಿಗೆ ಕಣಿವೆ ಹತ್ತಿ ಹೋಗುವವರು. ಅವರಿಗೆ ದಕ್ಷಿಣವೆಂದರೆ ಒಳನಾಡು.

ಅವಳ ಗಂಡ ಕೇತಿಲ್ ಬೆಟ್ಟದಾಚೆಯವನು. ಮದುವೆಯಾಗಿ ಈಚೆ ಬಂದು ನಲವತ್ತೊಂದು ವರ್ಷವಾದರೂ "ಉಪ್ಪು ದಕ್ಷಿಣಕ್ಕಿದೆ" ಅಂದರೆ ಸಮುದ್ರದ ಕಡೆಯ ಕಿಟಕಿ ಬಿಟ್ಟು ಒಳನಾಡಿನ ಕಡೆಯ ಒಲೆಯತ್ತ ಕೈ ಚಾಚುವ ಆಸಾಮಿ. "ಯಾವಾಗ ಕಲೀತೀಯೋ ಮಹಾರಾಯ" ಎಂದು ಅವಳು ಗೊಣಗದ ದಿನವಿಲ್ಲ.

ಸೆಪ್ಟೆಂಬರಿನಲ್ಲಿ ಕುರಿಗಳನ್ನು ಬೆಟ್ಟದಿಂದ ಇಳಿಸುವಾಗ ಮಂಜು ಕವಿಯಿತು. ಕುರಿಗಳು ಬಂದವು, ಕೇತಿಲ್ ಬರಲಿಲ್ಲ. ಅವನ ಫೋನ್ ಬಂತು.

"ಕಾಲು ಮುರಿದಿದೆ ಕಣೆ. ಬೆಟ್ಟದ ದಕ್ಷಿಣಕ್ಕೆ, ನೀರಿನ ಅಂಚಲ್ಲೇ ಕೂತಿದ್ದೀನಿ. ನೀರು ಏರ್ತಾ ಇದೆ."

ಅಷ್ಟರಲ್ಲಿ ಫೋನ್ ಸತ್ತಿತು. ಬೆಟ್ಟದ ಒಂದು ಕಡೆ ತೆರೆದ ಸಮುದ್ರ, ಇನ್ನೊಂದು ಕಡೆ ಒಳನಾಡಿಗೆ ಚಾಚಿದ ಕೊಲ್ಲಿ; ಉಬ್ಬರ ಎರಡೂ ಕಡೆ ಏರುತ್ತಿತ್ತು. ಸಾಲ್ವೋರ್ ರಕ್ಷಣಾ ದೋಣಿ ಹತ್ತಿದಳು. ಅದನ್ನು ನಡೆಸುವ ಬ್ರಿಂಡಿಸ್, ಪಟ್ಟಣದಿಂದ ಬಂದ ಹುಡುಗಿ, ದಿಕ್ಸೂಚಿ ತೆಗೆದಳು.

"ಆ ಡಬ್ಬಿ ಒಳಗಿಡಮ್ಮ. ಅದು ನನ್ನ ಗಂಡನ ಜೊತೆ ಸಂಸಾರ ಮಾಡಿಲ್ಲ" ಎಂದಳು ಸಾಲ್ವೋರ್.

"ಹಾಗಾದ್ರೆ ಸಮುದ್ರದ ಕಡೆಗಾ ಅಜ್ಜಿ?"

"ಅದು ನಮ್ಮೂರ ದಕ್ಷಿಣ. ನೋವಲ್ಲಿರೋ ಗಂಡಸಿನ ಬಾಯಿಗೆ ಅವರಮ್ಮ ಕಲಿಸಿದ್ದೇ ಬರೋದು. ಕೊಲ್ಲಿಯ ಒಳಗಡೆ ತಿರುಗಿಸು."

ಒಳದಂಡೆಯನ್ನು ಎರಡು ಗಂಟೆ ಜಾಲಾಡಿದರು. ಒಂದು ಕುರಿಯೂ ಸಿಗಲಿಲ್ಲ. ಕೂಗಿ ಕೂಗಿ ಸಾಲ್ವೋರಳ ಗಂಟಲು ಕಟ್ಟಿತು. ನೀರು ಏರುತ್ತಲೇ ಇತ್ತು. ಕೊನೆಗೆ ಬ್ರಿಂಡಿಸ್ ಅವಳನ್ನು ಕೇಳದೆಯೇ ದೋಣಿಯನ್ನು ಸಮುದ್ರದ ಕಡೆ ತಿರುಗಿಸಿದಳು.

ಕೇತಿಲ್ ಅಲ್ಲೇ ಇದ್ದ. ಸೊಂಟದವರೆಗೆ ನೀರು, ತುಟಿ ನೀಲಿ, ಕೋಪ ಮಾತ್ರ ಬೆಚ್ಚಗಿತ್ತು.

"ಎಲ್ಲಿ ಹಾಳಾಗಿ ಹೋಗಿದ್ರಿ? ದಕ್ಷಿಣ ಅಂತ ಹೇಳ್ಲಿಲ್ವಾ?"

"ನಿಮ್ಮೂರಿನ ದಕ್ಷಿಣ ಅಂದ್ಕೊಂಡೆ."

"ನಿಂಗೆ ಗೊಂದಲ ಆಗ್ಬಾರ್ದು ಅಂತ ನಿಮ್ಮೂರಿಂದು ಹೇಳ್ದೆ ಕಣೆ. ನಲವತ್ತೊಂದು ವರ್ಷಕ್ಕೆ ಒಂದೇ ಒಂದು ಸಲ."

ಬ್ರಿಂಡಿಸ್ ಜೊತೆ ಸೇರಿ ಸಾಲ್ವೋರ್ ಅವನನ್ನು ದೋಣಿಗೆ ಎಳೆದುಕೊಂಡಳು. ತನ್ನ ಉಣ್ಣೆಯ ಸ್ವೆಟರ್ ಬಿಚ್ಚಿ ಅವನ ತಲೆಯ ಮೇಲಿಂದ ಎಳೆದು ತೊಡಿಸಿದಳು. ಸ್ವೆಟರಿನ ತೋಳು ಕೈಗೆ ಸಿಗದೆ ಅವನು ಒಳಗೇ ಬಯ್ಯುತ್ತಿದ್ದ, ಅವಳು ಅಳುತ್ತಿದ್ದಳು.

ಮೂರು ದಿನದ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಡುಗೆಮನೆಯ ಬೆಂಚಿನ ಮೇಲೆ ಒರಗಿದ್ದ ಕೇತಿಲ್ ಕೇಳಿದ: "ನನ್ನ ಕಾಫಿ ಎಲ್ಲಿಟ್ಟೆ?"

"ದಕ್ಷಿಣಕ್ಕೇ ಇದೆ ನೋಡು" ಎಂದಳು ಸಾಲ್ವೋರ್, ತಿರುಗದೆ.

ಅವನು ಕಿಟಕಿಯ ಕಡೆ ಕೈ ಚಾಚಿದ. ಕಾಫಿ ಒಲೆಯ ಕಡೆ ಇತ್ತು.